ಭಾನುವಾರ ನುಂಗಿದ ರಜೆಗಳು

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಇರುವ ಪುಸ್ತಕದಂಗಡಿಯಲ್ಲಿ ಇವತ್ತು ಬೆಳಿಗ್ಗೆ ಹೊಸ ವರ್ಷದ ಕ್ಯಾಲೆಂಡರುಗಳ ಕಟ್ಟು ಬಿಚ್ಚುತ್ತಿದ್ದರು. ಹಸಿ ಶಾಯಿಯ ವಾಸನೆ ರಸ್ತೆಯವರೆಗೂ ಬಂದಿತ್ತು. ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಜೊತೆಗೆ ಬರಬೇಕಾದವರು ಆಚೆ ಹೂವಿನವಳ ಮುಂದೆ ನಿಂತು, ಅವಳ ಮೊಳ ದೊಡ್ಡದೋ ತಮ್ಮ ಮೊಳ ದೊಡ್ಡದೋ ಎಂದು ತಕರಾರು ತೆಗೆದಿದ್ದರು. ಅವರು ಯಾರೆಂದು ಆಮೇಲೆ ಹೇಳುತ್ತೇನೆ. ನಾನು ಅಂಗಡಿಯೊಳಗೆ ಹೋಗಿ ಒಂದು ಕ್ಯಾಲೆಂಡರು ಎತ್ತಿಕೊಂಡೆ. ಮೇಲಿನ ದೇವರ ಚಿತ್ರಕ್ಕೆ ಕೈ ಮುಗಿಯಲಿಲ್ಲ, ಹಿಂಬದಿಯ ರಾಶಿಫಲ ಓದಲಿಲ್ಲ. ನನ್ನ ಬೆರಳು ನೆಟ್ಟಗೆ ಭಾನುವಾರದ ಸಾಲಿಗೆ ಹೋಗಿ, ಯಾವ ಹಬ್ಬ ಅಲ್ಲಿ ಸಿಕ್ಕಿಬಿದ್ದಿದೆ ಎಂದು ಹುಡುಕತೊಡಗಿತು. ಒಂದು ಸಿಕ್ಕಿತು. ಬಾಯಿಂದ ತಾನಾಗಿ "ಅಯ್ಯೋ!" ಎಂದು ಹೊರಟುಹೋಯಿತು.

ಅಂಗಡಿಯವರು ಗಾಬರಿಯಾಗಿ, "ಹರಿದೈತಾ ಮೇಡಂ? ಬೇರೆ ಕೊಡ್ಲಾ?" ಎಂದರು.

ಬೇರೆ ಕೊಟ್ಟರೂ ಅದರಲ್ಲೂ ಅದೇ ಹಬ್ಬ ಅದೇ ಭಾನುವಾರಕ್ಕೇ ಬಿದ್ದಿರುತ್ತದೆ ಎಂದು ಅವರಿಗೆ ಹೇಗೆ ಹೇಳುವುದು!

ಈ ಕಾಯಿಲೆ ನನ್ನ ತವರಿನದಲ್ಲ. ನಮ್ಮ ತವರಿನಲ್ಲಿ ಕ್ಯಾಲೆಂಡರು ಇದ್ದದ್ದು ಹಾಲಿನವನು ಬಾರದ ದಿನಕ್ಕೆ ಸುತ್ತು ಹಾಕಲು ಮತ್ತು ಪಿನ್ನು ಚುಚ್ಚಿಡಲು. ಇದು ನನ್ನ ಮಾವನಿಂದ, ಅಂದರೆ ನನ್ನ ಗಂಡನ ತಂದೆಯಿಂದ, ಬಳುವಳಿಯಾಗಿ ಬಂದದ್ದು. ಬೇರೆ ಸೊಸೆಯರಿಗೆ ಬಳೆ ಬರುತ್ತವೆ, ಓಲೆ ಬರುತ್ತವೆ. ನನಗೆ ಇದು ಬಂತು.

ಮಾವ ಸೊರಬದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮನೆ ಶಿಕಾರಿಪುರದಲ್ಲಿ. ಬೆಳಿಗ್ಗೆ ಡಬ್ಬಿ ಹಿಡಿದು ಬಸ್ಸು ಹತ್ತಿ, ಶಿರಾಳಕೊಪ್ಪ ದಾಟಿ ಸೊರಬ ಮುಟ್ಟಿ, ಜಮೀನಿನ ಪಹಣಿ, ಖಾತೆ, ಪೋಡಿ ಎಂಬ ಶಬ್ದಗಳ ನಡುವೆ ಹಗಲು ಕಳೆದು, ಸಂಜೆ ಖಾಲಿ ಡಬ್ಬಿಯೊಂದಿಗೆ ಮರಳುತ್ತಿದ್ದರು. ಒಳ್ಳೆಯ ಮನುಷ್ಯ. ಚಟಗಳಿಲ್ಲ. ಎಲೆ ಅಡಿಕೆಯನ್ನೂ ಮದುವೆ ಮನೆಯಲ್ಲಿ ಮಾತ್ರ ಹಾಕುತ್ತಿದ್ದರು. ಅವರಿಗಿದ್ದ ಒಂದೇ ಒಂದು ವ್ಯಾಮೋಹವೆಂದರೆ ಸರ್ಕಾರಿ ರಜೆ.

ನಾನು ಮದುವೆಯಾಗಿ ಆ ಮನೆಗೆ ಬಂದ ವರ್ಷದ ಕೊನೆಯಲ್ಲಿ ಮಾವ ಹೊಸ ಕ್ಯಾಲೆಂಡರು ತಂದರು. ಕೈಕಾಲು ತೊಳೆದು, ಕನ್ನಡಕ ಒರೆಸಿ, ನಡುಮನೆಯಲ್ಲಿ ಚಾಪೆ ಹಾಸಿ ಅದನ್ನು ಬಿಚ್ಚಿಟ್ಟುಕೊಂಡು ಕೂತರು. ಮೊದಲ ಹಾಳೆಯ ಮೇಲೆ ಬೆರಳಾಡಿಸುತ್ತ ಹೋದವರು ಒಂದು ಕಡೆ ನಿಂತುಬಿಟ್ಟರು. ಮುಖ ಬಾಡಿತು.

"ಹೋಯ್ತು ಕಣೇ!" ಎಂದು ಒಳಕ್ಕೆ ಕೂಗಿದರು.

ಅಡಿಗೆಮನೆಯಿಂದ ನನ್ನ ಅತ್ತೆ ಸೌಟು ಹಿಡಿದುಕೊಂಡೇ ಓಡಿಬಂದರು. "ಯಾರ್ ಹೋದ್ರು ರೀ?"

"ಗಣರಾಜ್ಯೋತ್ಸವ ಹೋಯ್ತು. ಭಾನುವಾರಕ್ಕೆ."

ಅತ್ತೆ ಸೌಟಿನ ಸಮೇತ ಒಳಗೆ ಹೋದರು. ಹೊಸದಾಗಿ ಬಂದಿದ್ದ ನಾನು ನಗಬೇಕೋ ಸಂತಾಪ ಸೂಚಿಸಬೇಕೋ ತಿಳಿಯದೆ ಗೋಡೆಗೆ ಒರಗಿ ನಿಂತಿದ್ದೆ. ಮಾವ ನನ್ನ ಕಡೆ ತಿರುಗಿ ವಿವರಿಸಿದರು. "ಬೇರೆ ಹಬ್ಬ ಭಾನುವಾರಕ್ಕೆ ಬಿದ್ರೆ ಹಬ್ಬ ಒಂದೇ ಹೋಗದು. ಇದು ಹಂಗಲ್ಲಮ್ಮ. ಬಾವುಟ ಹಾರ್ಸಕ್ಕೆ ನಾವು ಸೊರಬಕ್ಕೆ ಹೋಗ್ಲೇಬೇಕು. ಅಂದ್ರೆ ಹಬ್ಬಾನೂ ಹೋಯ್ತು, ಭಾನುವಾರಾನೂ ಹೋಯ್ತು."

ನಾನು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ರಜೆಯ ಬಗ್ಗೆ ನನಗೂ ಮೋಹವಿಲ್ಲದಿಲ್ಲ. ಆದರೆ ಮೇಷ್ಟ್ರುಗಳಿಗೆ ಬೇಸಿಗೆ, ದಸರಾ ಎಂದು ಬುಟ್ಟಿಗಟ್ಟಲೆ ಸಿಗುವುದರಿಂದ ನಾವು ಒಂದೊಂದನ್ನು ಅಷ್ಟು ಚಪ್ಪರಿಸುವುದಿಲ್ಲ. ಮಾವನದು ಹಸಿದವನ ನಾಲಿಗೆ. ಅವರ ಪ್ರಕಾರ ನಮ್ಮ ವರ್ಷದ ದೊಡ್ಡ ದೋಷ ರಜೆ ಕಡಿಮೆ ಇರುವುದಲ್ಲ, ಅವು ಹಂಚಿಕೆಯಾಗಿರುವ ರೀತಿ. ಶ್ರಾವಣದಿಂದ ಕಾರ್ತೀಕದವರೆಗೆ ಒಂದರ ಮೇಲೊಂದು ಗುಡ್ಡೆ ಬಿದ್ದಿವೆ. ಗಣಪತಿ ನೀರಿಗೆ ಬೀಳುವಷ್ಟರಲ್ಲಿ ಮಹಾಲಯ, ಅದರ ಬೆನ್ನಿಗೆ ದಸರೆ, ದಸರೆಯ ಬನ್ನಿ ಒಣಗುವ ಮೊದಲೇ ದೀಪಾವಳಿ. ಚೈತ್ರ ವೈಶಾಖದಲ್ಲೂ ಪರವಾಗಿಲ್ಲ, ಯುಗಾದಿ, ಜಯಂತಿಗಳು ಎಂದು ಚೂರುಪಾರು ಇವೆ. ಜೂನ್ ಜುಲೈ ಬಂತೋ, ಬೋಳು ಬಯಲು. ಹೊರಗೆ ಮಳೆ ಸುರಿಯುತ್ತಿರುತ್ತದೆ, ಕ್ಯಾಲೆಂಡರಿನಲ್ಲಿ ಬರಗಾಲ.

"ಅಂಜನಾಪುರದಿಂದ ನಾಲೆ ತೆಗ್ದು ಒಣ ಹೊಲಕ್ಕೆ ನೀರು ಬಿಡ್ಲಿಲ್ವಾ?" ಎಂದು ಅವರು ಊಟದ ಹೊತ್ತಿಗೆ ವಾದ ಹೂಡುತ್ತಿದ್ದರು. "ಹಂಗೇ ಅಕ್ಟೋಬರಿಂದ ಜುಲೈಗೊಂದು ನಾಲೆ ತೆಗೀಬೇಕು. ಅಲ್ಲಿ ಉಕ್ಕಿ ಹರಿಯದನ್ನ ಇಲ್ಲಿಗೆ ತರ್ಬೇಕು."

"ದೀಪಾವಳಿನ ಆಷಾಢಕ್ಕೆ ತಂದ್ರೆ ದೀಪ ಹಚ್ಚದು ಹೆಂಗೆ, ಗಾಳಿಗೆ?" ಎಂದು ಅತ್ತೆ ಕೇಳುತ್ತಿದ್ದರು.

"ದೀಪ ಆಮೇಲೆ ಹಚ್ಚು. ರಜ ಮೊದ್ಲು ಬರ್ಲಿ."

ಹಾಗಾದರೆ ಜುಲೈನಲ್ಲಿ ಒಂದು ದಿನ ರಜೆ ಬರೆದು ಹಾಕಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಮಾವನಿಗೆ ನಿಜವಾಗಿಯೂ ನೋವಾಯಿತು. "ಕೇಳಿ ತಗಳದು ರಜ ಅಲ್ಲಮ್ಮ, ಭಿಕ್ಷೆ. ತಾನಾಗೇ ಬರದು ರಜ," ಎಂದರು. ಅರ್ಜಿ ಹಾಕಿ ಪಡೆದ ದಿನ ಕಚೇರಿ ಅಲ್ಲಿ ನಮ್ಮನ್ನು ಬಿಟ್ಟು ನಡೆಯುತ್ತಿರುತ್ತದಂತೆ, ಅದು ಮನಸ್ಸಿಗೆ ಚುಚ್ಚುತ್ತಿರುತ್ತದಂತೆ. ಬೀಗ ಹಾಕಿದ ಕಚೇರಿಯನ್ನು ಮನಸ್ಸಿನಲ್ಲಿ ನೆನೆಯುತ್ತ ಕೂರುವ ಸುಖವೇ ಬೇರೆ.

ಸರಿ, ಆ ಸುಖದ ದಿನ ಅವರು ಏನು ಮಾಡುತ್ತಿದ್ದರು? ಏನೂ ಇಲ್ಲ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಆದರೆ ಅದಕ್ಕೆ ಮುಂಚೆ ಒಂದು ಮುಖ್ಯ ಕಾರ್ಯಕ್ರಮವಿತ್ತು. ನಮ್ಮ ಎದುರು ಮನೆಯ ರುದ್ರಪ್ಪನವರು ಬ್ಯಾಂಕಿನ ನೌಕರರು. ವರ್ಷದಲ್ಲಿ ಕೆಲವು ದಿನ ಸರ್ಕಾರಿ ಕಚೇರಿಗೆ ರಜೆ ಇರುತ್ತದೆ, ಬ್ಯಾಂಕಿಗೆ ಇರುವುದಿಲ್ಲ. ಆ ದಿನಗಳು ಮಾವನ ಪಾಲಿಗೆ ಹಬ್ಬದ ಮೇಲೆ ಹಬ್ಬ. ರುದ್ರಪ್ಪನವರು ಬೈಕು ಹೊರಗೆ ತೆಗೆಯುವ ಹೊತ್ತಿಗೆ ಸರಿಯಾಗಿ ಮಾವ ಲುಂಗಿಯಲ್ಲಿ, ಹೆಗಲ ಮೇಲೆ ಟವೆಲು ಹಾಕಿಕೊಂಡು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡು ಗೇಟಿನ ಬಳಿ ನಿಲ್ಲುತ್ತಿದ್ದರು. ಹಲ್ಲು ಎದ್ದ ಕೂಡಲೇ ಉಜ್ಜಿ ಆಗಿರುತ್ತಿತ್ತು. ಇದು ಪ್ರದರ್ಶನಕ್ಕೆ.

"ಏನ್ ಸಾರ್, ಹೊರಟ್ರಾ? ಇವತ್ತೂನಾ?"

ರುದ್ರಪ್ಪನವರು ಹೆಲ್ಮೆಟ್ಟಿನೊಳಗಿಂದ ಏನೋ ಹೇಳುತ್ತಿದ್ದರು. ಹೆಲ್ಮೆಟ್ಟು ಕಡ್ಡಾಯ ಮಾಡಿದವರು ಪುಣ್ಯಾತ್ಮರು, ಅದು ನಮಗೆ ಕೇಳಿಸುತ್ತಿರಲಿಲ್ಲ.

ಮಾವನ ಇನ್ನೊಂದು ಗುಣವನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಯಾರಾದರೂ ದೊಡ್ಡ ಮನುಷ್ಯರು ಆಸ್ಪತ್ರೆಯಲ್ಲಿದ್ದಾರೆಂದು ಟಿವಿಯಲ್ಲಿ ಬಂದರೆ ಅವರು ಅತ್ಯಂತ ಕಳಕಳಿಯಿಂದ ನೋಡುತ್ತಿದ್ದರು. ಒಮ್ಮೆ ಒಂದು ಶನಿವಾರ ಸಂಜೆ ಹಾಗೇ ಸುದ್ದಿ ಬಂತು, ಸ್ಥಿತಿ ಗಂಭೀರ ಎಂದು. ಮಾವ ಕೈ ಜೋಡಿಸಿ, "ಪಾಪ, ಒಳ್ಳೇ ಮನುಷ್ಯ. ಸೋಮವಾರದ ತನಕನಾದ್ರೂ ತಡ್ಕಳ್ಳಿ ದೇವ್ರೇ," ಎಂದರು. ಅತ್ತೆ ಅವತ್ತು ರಾತ್ರಿ ಅವರಿಗೆ ಮಜ್ಜಿಗೆ ಬಡಿಸಲಿಲ್ಲ. ಆ ದೊಡ್ಡವರು ಗುಣಮುಖರಾಗಿ ಮನೆಗೆ ಹೋದರೆಂದು ಆಮೇಲೆ ತಿಳಿಯಿತು. ಮಾವನಿಗೂ ನಿಜಕ್ಕೂ ಸಂತೋಷವಾಯಿತು. ಸ್ವಲ್ಪ ಹೊತ್ತಿನ ಮೇಲೆ.

ಚಂದ್ರನ ಕತೆಯನ್ನು ಹೇಳದಿದ್ದರೆ ಬಾಷಾ ಸಾಹೇಬರಿಗೆ ಅನ್ಯಾಯವಾಗುತ್ತದೆ. ಅವರು ಶಿರಾಳಕೊಪ್ಪದಲ್ಲಿ ಪಾತ್ರೆ ಅಂಗಡಿ ಇಟ್ಟವರು, ಬಸ್ಸಿನಲ್ಲಿ ಪರಿಚಯವಾಗಿ ಮಾವನ ಗೆಳೆಯರಾದವರು. ಒಂದು ವರ್ಷ ಶನಿವಾರ ಸಂಜೆ ಚಂದ್ರ ಕಂಡರೆ ರಂಜಾನ್ ಭಾನುವಾರ, ಕಾಣದಿದ್ದರೆ ಸೋಮವಾರ ಎಂದಾಯಿತು. ಅಂದರೆ ಮಾವನ ಇಡೀ ಸೋಮವಾರ ಒಂದು ಮೋಡದ ಮೇಲೆ ನಿಂತಿತ್ತು. ಸಂಜೆ ಅವರು ತಾರಸಿ ಹತ್ತಿ ಪಡುವಣಕ್ಕೆ ಮುಖ ಮಾಡಿ ಕೂತರು. ಅಂಗೈಯಗಲದ ಒಂದು ಮೋಡ ಬಂದರೂ "ಬಾ ಬಾ" ಎನ್ನುವರು. ತಾಳಲಾರದೆ ಸಾಹೇಬರಿಗೆ ಫೋನು ಹಚ್ಚಿದರು.

"ಏನ್ ಸಾಹೇಬ್ರೇ, ಅಲ್ಲಿ ಮೋಡ ಐತಾ?"

ಆ ಕಡೆಯಿಂದ ಸಾಹೇಬರು ನಕ್ಕಿದ್ದು ನನಗೂ ಕೇಳಿಸಿತು. "ಅಲ್ಲಾ ಸ್ವಾಮಿ, ತಿಂಗ್ಳು ಪೂರ್ತಿ ಉಪವಾಸ ಇದ್ದು ಚಾಂದ್ ಕಾಣ್ಲಿ ಅಂತ ನಾವು ಕಾಯ್ತೀವಿ. ಮೂರು ಹೊತ್ತು ಉಂಡು ಕಾಣ್ದೇ ಇರ್ಲಿ ಅಂತ ಕಾಯೋರು ನೀವೊಬ್ರೇ ನೋಡ್ರಿ!"

ಚಂದ್ರ ಕಂಡಿತು. ಮಾವ ತಾರಸಿಯಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಮರುದಿನ ಸಾಹೇಬರ ಮನೆಯಿಂದ ಸುರ್ಕುಂಬಾ ಎಂಬ ಶಾವಿಗೆ ಪಾಯಸ ಬಂತು. ಎರಡು ಲೋಟ ಕುಡಿದು ಬಾಯಿ ಒರೆಸಿಕೊಂಡು, "ಭಾನುವಾರಕ್ಕೆ ಬಿದ್ರೂ ರುಚಿ ಕೆಟ್ಟಿಲ್ಲ," ಎಂದು ಒಪ್ಪಿಕೊಂಡರು.

ಈ ಎಲ್ಲ ಗದ್ದಲದಲ್ಲಿ ಅತ್ತೆ ಎಲ್ಲಿದ್ದರು? ಅಡಿಗೆಮನೆಯಲ್ಲಿ. ಮಾವನ ಕ್ಯಾಲೆಂಡರಿನಲ್ಲಿ ಕೆಂಪಾದ ದಿನವೆಲ್ಲ ಅತ್ತೆಯ ಒಲೆಯೂ ಕೆಂಪಾಗುತ್ತಿತ್ತು. ಯುಗಾದಿ ಎಂದರೆ ಹೋಳಿಗೆ, ಗಣಪತಿ ಎಂದರೆ ಕಡುಬು, ದೀಪಾವಳಿ ಎಂದರೆ ಮೂರು ದಿನದ ಎಣ್ಣೆ ಬಾಣಲೆ. ಹಬ್ಬವಿಲ್ಲದ ರಜೆಯಲ್ಲೂ ಮಾವ ಮನೆಯಲ್ಲಿರುತ್ತಾರೆಂಬ ಕಾರಣಕ್ಕೆ ಮಂಡಕ್ಕಿ ಒಗ್ಗರಣೆ, ಅದರ ಹಿಂದೆ ಚಹಾ, ಅದರ ಹಿಂದೆ "ಏನೇ, ಏನಾದ್ರೂ ಮಾಡಿದ್ಯಾ?" ಕೈಲಾದಷ್ಟು ನಾನೂ ಮಾಡುತ್ತಿದ್ದೆ. ಆದರೆ ನನಗೆ ಉತ್ತರಪತ್ರಿಕೆಗಳ ಕಟ್ಟು ಎಂಬ ಒಂದು ಗುರಾಣಿ ಇತ್ತು. ಅತ್ತೆಗೆ ಯಾವ ಗುರಾಣಿಯೂ ಇರಲಿಲ್ಲ. ಅವರು ಗೊಣಗುವವರೂ ಅಲ್ಲ. ಉಡುತಡಿಯ ಬೇಸಾಯದ ಮನೆಯಿಂದ ಬಂದವರು. ಎತ್ತಿಗೂ ದನಕ್ಕೂ ಭಾನುವಾರ ಎಂಬುದಿಲ್ಲ ಎಂದು ಕಂಡು ಬೆಳೆದವರು.

ಹೀಗಿರುವಾಗ ಮಾವ ನಿವೃತ್ತರಾದರು. ಹಾರ ಹಾಕಿಸಿಕೊಂಡು, ಶಾಲು ಹೊದ್ದುಕೊಂಡು, ಸಂತೋಷವಾಗಿಯೇ ಬಂದರು. ಇನ್ನು ಅವರ ಜೀವನ ಬರೀ ರಜೆ ಎಂದು ನಾವೆಲ್ಲ ತಿಳಿದೆವು. ಕೆಲವು ದಿನ ಕಳೆದು ಗಾಂಧಿ ಜಯಂತಿ ಬಂತು. ಮಾವ ಎದ್ದರು, ಲುಂಗಿ ಉಟ್ಟರು, ಜಗಲಿಯ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಬಂದರು. ಮತ್ತೆ ಹೋಗಿ ಕೂತರು. ಕಡೆಗೆ ನನ್ನ ಹತ್ತಿರ ಬಂದು, ಹೊಟ್ಟೆನೋವು ಹೇಳಿಕೊಳ್ಳುವವರ ಹಾಗೆ ಮೆಲ್ಲಗೆ, "ನಿನ್ನೆನೂ ಹಿಂಗೇ ಇತ್ತಲ್ಲಮ್ಮ," ಎಂದರು.

ನನಗೆ ನಗು ಬಂತು, ಮುಖ ನೋಡಿ ತಡೆದುಕೊಂಡೆ. ಯಾವ ಕಚೇರಿಯ ಬೀಗವನ್ನು ನೆನೆದು ಅವರು ಸುಖಪಡಬೇಕು? ಅವರ ಪಾಲಿಗೆ ಆ ಬೀಗ ಇನ್ನು ತೆಗೆಯುವುದೇ ಇಲ್ಲ. ಮುಂದೊಂದು ರಜೆಯ ದಿನ ಹಳೆಯ ಅಭ್ಯಾಸದಂತೆ ಬ್ರಷ್ ಹಿಡಿದು ಗೇಟಿಗೆ ಹೋದರು. ರುದ್ರಪ್ಪನವರು ಅವತ್ತು ಹೆಲ್ಮೆಟ್ಟು ಹಾಕಿಕೊಳ್ಳುವ ಮೊದಲೇ ಹೇಳಿದರು: "ನಿಮಗೇನ್ ಬಿಡಿ ಸಾರ್, ದಿನಾ ರಜ."

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಮಾವ ಒಳಗೆ ಬಂದು ಬ್ರಷ್ ಇಟ್ಟವರು ಮತ್ತೆ ಗೇಟಿನ ಕಡೆ ಹೋಗಲಿಲ್ಲ. ಊಟ ಕಡಿಮೆಯಾಯಿತು. ಕುರ್ಚಿಯಲ್ಲಿ ಕೂತು ಹಗಲೆಲ್ಲ ತೂಕಡಿಸುವರು, ರಾತ್ರಿ ನಿದ್ದೆಯಿಲ್ಲ ಎನ್ನುವರು. ನನ್ನ ಗಂಡನಿಗೆ ಚಿಂತೆಯಾಗಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರರು ನಾಡಿ ನೋಡಿ, "ವಿಶ್ರಾಂತಿ ತಗೊಳ್ಳಿ," ಎಂದರಂತೆ. ಇರುವ ಕಾಯಿಲೆಯನ್ನೇ ಔಷಧಿಯಾಗಿ ಬರೆದುಕೊಟ್ಟಂತಾಯಿತು.

ಒಂದು ದಿನ ಮಾವ ಇಸ್ತ್ರಿಯ ಅಂಗಿ ಹಾಕಿ ಶಿರಾಳಕೊಪ್ಪಕ್ಕೆ ಹೋಗಿ ಬಂದರು. ಬಂದವರೇ ಅತ್ತೆಗೆ, "ನಾಳೆಯಿಂದ ಡಬ್ಬಿ ಕಟ್ಟು," ಎಂದರು. ಬಾಷಾ ಸಾಹೇಬರ ಪಾತ್ರೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಹಿಡಿದಿದ್ದರು. ಅವರ ಮೊದಲ ಪ್ರಶ್ನೆ ಸಂಬಳದ್ದಲ್ಲ, "ರಜ ಎಷ್ಟು ಕೊಡ್ತೀರಿ?" ಎಂಬುದು ಎಂದು ಸಾಹೇಬರು ಇವತ್ತಿಗೂ ಹೇಳಿ ನಗುತ್ತಾರೆ. ಗಂಡನ ಬಣ್ಣ ಮರಳಿತೆಂದು ಅತ್ತೆ ಡಬ್ಬಿಗೆ ಒಂದು ತುಪ್ಪದ ಉಂಡೆ ಹೆಚ್ಚಿಗೆ ಹಾಕಿದರು.

ಅಂಗಡಿಗೆ ಶುಕ್ರವಾರ ರಜೆ. ಊರೆಲ್ಲ ದುಡಿಯುವ ಶುಕ್ರವಾರ ತಾನೊಬ್ಬನೇ ಜಗಲಿಯಲ್ಲಿ! ಮಾವ ಅರಳಿದರು. ಉಳಿದ ಹಬ್ಬಗಳು ಹೇಗೂ ಇದ್ದೇ ಇವೆ ಎಂದುಕೊಂಡಿದ್ದರು. ಗಣಪತಿ ಹಬ್ಬದ ಹಿಂದಿನ ದಿನ, "ನಾಳೆ ಸಿಗಲ್ಲ ಸಾಹೇಬ್ರೇ," ಎಂದು ಚಪ್ಪಲಿ ಮೆಟ್ಟಿದ್ದಾರೆ. ಸಾಹೇಬರು ಬೆರಗಾಗಿ, "ಅದ್ಯಾಕೆ ಸ್ವಾಮಿ? ಗಣಪತಿ ಹಬ್ಬದ ದಿನ ಪಾತ್ರೆ ಅಂಗ್ಡಿ ಮುಚ್ಚಿದ್ರೆ ಗಣಪತಿಗೇ ಸಿಟ್ಟು ಬರ್ತದೆ. ಕಡುಬು ಬೇಯ್ಸಕ್ಕೆ ಜನ ಪಾತ್ರೆ ಎಲ್ಲಿಂದ ತರ್ಬೇಕು? ಬೆಳಿಗ್ಗೆನೇ ಬಂದ್ಬಿಡಿ," ಎಂದರಂತೆ.

ಹಾಗೆ ನನ್ನ ಮಾವ ಜೀವಮಾನದಲ್ಲಿ ಮೊದಲ ಸಲ ಹಬ್ಬದ ದಿನ ಕೆಲಸಕ್ಕೆ ಹೊರಟರು. ಬಾಯಲ್ಲಿ ಅರ್ಧ ಕಡುಬು, ಕೈಯಲ್ಲಿ ಡಬ್ಬಿ. ಗೇಟು ತೆಗೆದರೆ ಎದುರಿಗೆ ರುದ್ರಪ್ಪನವರು, ಲುಂಗಿ, ಹೆಗಲ ಮೇಲೆ ಟವೆಲು, ಬಾಯಲ್ಲಿ ಬ್ರಷ್. ಎಷ್ಟು ವರ್ಷದಿಂದ ಕಾದಿದ್ದರೋ!

"ಏನ್ ಸಾರ್, ಹೊರಟ್ರಾ? ಇವತ್ತೂನಾ?"

ಮಾವ ಕಡುಬು ನುಂಗಿದರು. ಡಬ್ಬಿಯನ್ನು ಎದೆಗವಚಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಕಿಟಕಿಯ ಹಿಂದೆ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ದುಃಖಕ್ಕೆ ಎಂದು ನಾನು ಮೊದಲು ತಿಳಿದೆ. ಹೆಗಲು ಕುಲುಕುವುದು ನೋಡಿದ ಮೇಲೆ ನಗು ಎಂದು ಗೊತ್ತಾಯಿತು.

ಮಾವ ಅದಕ್ಕೂ ಒಗ್ಗಿದರು. ಹಬ್ಬಗಳು ಹೋದವು, ಶುಕ್ರವಾರ ಉಳಿಯಿತು. ಅದನ್ನು ಮಾತ್ರ ಅವರು ಹಳೆಯ ರಜೆಗಳಿಗೆಲ್ಲ ಸೇರಿಸಿ ಒಟ್ಟಿಗೇ ಆಚರಿಸುವಂತೆ ಆಚರಿಸತೊಡಗಿದರು. ಹೀಗೇ ತಿಂಗಳುಗಳು ಉರುಳಿ ಮುಂದಿನ ಆಷಾಢ ಬಂತು. ಒಂದು ಶುಕ್ರವಾರ, ಶಾಲೆಯಲ್ಲಿ ಯಾವುದೋ ಪರೀಕ್ಷೆ ಬೇಗ ಮುಗಿದು ನಾನೂ ಊಟಕ್ಕೆ ಮನೆಗೆ ಬಂದಿದ್ದೆ. ಮಾವ ಉಣ್ಣುತ್ತ ಶುಕ್ರವಾರದ ಮಹಿಮೆ ಹೇಳುತ್ತಿದ್ದರು. ಆರು ದಿನ ದುಡಿದ ಮೈಗೆ ಈ ಒಂದು ದಿನ ಎಂದರೆ ಹೇಗೆ, ಕೆಲಸ ಮಾಡುವವರಿಗೇ ಅದರ ಬೆಲೆ ಗೊತ್ತು, ಇತ್ಯಾದಿ. ಅತ್ತೆ ರೊಟ್ಟಿ ತಟ್ಟುತ್ತಿದ್ದರು. ಮಾವ ಬಿಸಿ ರೊಟ್ಟಿ ಮುರಿಯುತ್ತ ಅಂದುಬಿಟ್ಟರು:

"ನಿಂಗೆ ಇದೆಲ್ಲ ತಿಳಿಯಲ್ಲ ಬಿಡು. ಮನೇಲಿರೋಳಿಗೇನು, ದಿನಾ ರಜ."

ರುದ್ರಪ್ಪನವರು ಗೇಟಿನಲ್ಲಿ ಆಡಿದ್ದೂ ಇದೇ ಮಾತು. ಅದು ತಾಗಿ ತಿಂಗಳುಗಟ್ಟಲೆ ಊಟ ಬಿಟ್ಟ ಮನುಷ್ಯನೇ ಅದನ್ನು ಹೆಂಡತಿಯ ಮೇಲೆ ಎಸೆದು, ಎಸೆದದ್ದು ಗೊತ್ತೇ ಇಲ್ಲದೆ ಚಟ್ನಿಪುಡಿ ಕೇಳಿದರು. ಅತ್ತೆ ಚಟ್ನಿಪುಡಿ ಬಡಿಸಿದರು. ಇನ್ನೊಂದು ರೊಟ್ಟಿ ಹಾಕಿದರು. ನಾನು ಮಾತ್ರ ತಟ್ಟೆ ನೋಡುತ್ತ, ಈ ಮೌನ ಒಳ್ಳೆಯದಲ್ಲ ಎಂದುಕೊಂಡೆ.

ಮುಂದಿನ ಶುಕ್ರವಾರ ಮಧ್ಯಾಹ್ನ ನಾನು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಮಾವನ ಫೋನು ಬಂತು.

"ನಿಮ್ಮತ್ತೆ ಇಲ್ಲಮ್ಮ."

"ಇಲ್ಲ ಅಂದ್ರೆ?"

"ಇಲ್ಲ. ಅಡಿಗೆಮನೇಲಿಲ್ಲ. ಹಿತ್ಲಲ್ಲಿಲ್ಲ. ಒಲೆ ತಣ್ಣಗೈತೆ."

ಬೆಳಿಗ್ಗೆ ನಾವೆಲ್ಲ ಹೊರಟ ಮೇಲೆ ಅವರು ಜಗಲಿಯಲ್ಲಿ ಪೇಪರು ಓದುತ್ತಿದ್ದರಂತೆ. ಉಂಡು ಮಲಗುವ ಹೊತ್ತಾಯಿತೆಂದು ಒಳಗೆ ಹೋದರೆ ಮನೆ ಖಾಲಿ. ಅತ್ತೆಯ ಮೊಬೈಲಿಗೆ ಮಾಡಿದರೆ ಅದು ಒಲೆಯ ಮೇಲಿನ ಗೂಡಿನಲ್ಲೇ ಹಾಡುತ್ತಿತ್ತಂತೆ.

ನಾನು ಹೆಡ್ಮೇಡಂಗೆ ಹೇಳಿ ಓಡಿಬಂದೆ. ನನ್ನ ಗಂಡ ಬೈಕು ಹತ್ತಿ ಉಡುತಡಿಗೆ ಹೋದರು, ಅತ್ತೆಯ ತಮ್ಮನ ಮನೆಗೆ. ಅಲ್ಲಿಗೆ ಬಂದಿಲ್ಲ ಎಂದು ಫೋನು ಮಾಡಿದರು. ದೇವಸ್ಥಾನದಲ್ಲಿಲ್ಲ. ಅಕ್ಕಪಕ್ಕದಲ್ಲಿಲ್ಲ. ಹುಡುಕುತ್ತ ಹೋದರೆ ಮಾವ ಕೆರೆಯ ಏರಿಯ ಮೇಲೆ ನಿಂತಿದ್ದರು. ಅಂಗಿಯ ಗುಂಡಿ ಒಂದು ಮೇಲಕ್ಕೆ ಒಂದು ಕೆಳಕ್ಕೆ. ಕಾಲಲ್ಲಿ ಒಂದು ತಮ್ಮ ಚಪ್ಪಲಿ, ಒಂದು ನನ್ನ ಗಂಡನದು. ಆಷಾಢದ ಕೆರೆ ಕೆಂಪಗೆ ತುಂಬಿತ್ತು. ಅವರು ಅದನ್ನೇ ನೋಡುತ್ತಿದ್ದರು.

"ಬನ್ನಿ ಮಾವ, ಇಲ್ಲಿ ಯಾಕೆ?" ಎಂದೆ.

"ಹೋದ್ವಾರ ಅವಳಿಗೆ ನಾನೊಂದು ಮಾತಂದಿದ್ದೆ…" ಎಂದರು. ಇಷ್ಟು ವರ್ಷ ನೋಡಿದ ಮನುಷ್ಯನ ತುಟಿ ಹಾಗೆ ಅದುರುವುದನ್ನು ನಾನು ನೋಡಿರಲಿಲ್ಲ. ಇಲ್ಲಿಯವರೆಗೆ ತಮಾಷೆ ಮಾಡುತ್ತ ಬಂದ ನನಗೆ ಆ ಹೊತ್ತು ತಮಾಷೆ ಯಾವುದೂ ತೋಚಲಿಲ್ಲ. ಅವರ ತೋಳು ಹಿಡಿದುಕೊಂಡೆ. ಅದು ತಣ್ಣಗಿತ್ತು.

ಆಗ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರಿಂದ ನನಗೆ ಕೊಟ್ಟರು. ಬಾಷಾ ಸಾಹೇಬರು.

"ಏನಮ್ಮಾ, ಇವತ್ತು ಅಮ್ಮಾವ್ರ ಸವಾರಿ ಜೋರೈತೆ? ಈಗ ನಮಾಜು ಮುಗಿಸ್ಕಂಡು ಬಸ್ ಸ್ಟ್ಯಾಂಡ್ ಕಡೆ ಬಂದೆ, ಸೊರಬದಿಂದ ಬಂದ ಬಸ್ಸಲ್ಲಿ ಕಿಟಕಿ ಪಕ್ಕ ಕುಂತಿದ್ರು. ಸಲಾಂ ಅಂದೆ, ಕೈ ಬೀಸಿದ್ರು. ಶಿಕಾರಿಪುರದ ಕಡೆನೇ ಬರ್ತಾ ಅವ್ರೆ."

ನಾವು ಬಸ್ ಸ್ಟ್ಯಾಂಡ್ ಮುಟ್ಟುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಯಿತು. ಅತ್ತೆ ಇಳಿದರು. ಮಡಿಕೆ ಮುರಿಯದ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕೈಚೀಲದಲ್ಲಿ ಸೌತೆಕಾಯಿ. ಮುಖ ಮದುವೆಗೆ ಹೋಗಿ ಬಂದವರ ಹಾಗಿತ್ತು. ಮಾವನಿಗೆ ಹೋದ ಜೀವ ಬಂತು. ಬಂದ ಕೂಡಲೇ ಸಿಟ್ಟೂ ಬಂತು.

"ಎಲ್ಲಿಗ್ ಹೋಗಿದ್ದೆ? ಹೇಳಿ ಹೋಗಕ್ಕೇನಾಗಿತ್ತು?"

"ಹೇಳೇ ಹೋಗಿದ್ನಲ್ರೀ. 'ಇವತ್ತು ನಂಗೆ ರಜ, ಸೊರಬಕ್ಕೆ ಹೋಗ್ಬರ್ತೀನಿ' ಅಂದೆ. ಪೇಪರಿನ ಹಿಂದಿಂದ 'ಹೂಂ' ಅಂದ್ರಿ. ಮಂಜೂರಾಯ್ತು ಅನ್ಕಂಡೆ."

"ಸೊರಬದಲ್ಲಿ ಏನಿತ್ತು ನಿಂಗೆ?"

"ಏನಿಲ್ಲ. ಇಷ್ಟು ವರ್ಷ ನಾನು ಕಟ್ಟಿದ ಡಬ್ಬಿ ಎಲ್ಲಿಗೆ ಹೋಗ್ತಿತ್ತು ಅಂತ ನೋಡ್ಬೇಕು ಅನ್ನಿಸ್ತು. ಹೆಂಗಸ್ರಿಗೆ ಬಸ್ಸು ಪುಕ್ಕಟೆ, ಆಧಾರ್ ತೋರ್ಸಿದೆ, ಕಿಟಕಿ ಪಕ್ಕ ಕುಂತೆ. ತಣ್ಣಗೆ ಗಾಳಿ. ಗದ್ದೆ ನಾಟಿ ನಡೀತಿತ್ತು, ನೋಡಿದೆ. ನಿಮ್ಮ ಕಚೇರಿಗೂ ಹೋದೆ. 'ಏನ್ ಬೇಕಮ್ಮ?' ಅಂದ್ರು. 'ಏನೂ ಬೇಡಪ್ಪ, ನೋಡಕ್ಕೆ ಬಂದೆ' ಅಂದೆ. ನಿಮ್ಮ ಹೆಸ್ರು ಹೇಳಿದ್ಕೆ ಫ್ಯಾನ್ ಕೆಳಗೆ ಕುಂಡ್ರಿಸಿ ಚಹಾ ಕೊಟ್ರು. ಆಮೇಲೆ ಹೋಟ್ಲಲ್ಲಿ ಮಸಾಲೆ ದೋಸೆ ತಿಂದೆ. ಯಾರೋ ಮಾಡಿ, ಯಾರೋ ತಂದಿಟ್ಟು, ಯಾರೋ ತಟ್ಟೆ ತಗಂಡು ಹೋದ್ರು."

ಇಷ್ಟು ಹೇಳಿ ಅತ್ತೆ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದರು. ಗುಂಡಿ, ಚಪ್ಪಲಿ ಎಲ್ಲವೂ ಕಣ್ಣಿಗೆ ಬಿತ್ತು. ಆದರೂ ಹೇಳಬೇಕಾದದ್ದನ್ನು ಹೇಳದೆ ಬಿಡಲಿಲ್ಲ.

"ಅಲ್ರೀ, ಕುಂತ್ಕಂಡು ಹೋಗದು, ಫ್ಯಾನ್ ಕೆಳಗೆ ಕುಂತಿರದು, ಚಹಾ ಕುಡಿಯದು, ಕುಂತ್ಕಂಡು ಬರದು. ಇದಕ್ಕೆ ಬೇರೆ ರಜ ಬೇಕಿತ್ತಾ ನಿಮಗೆ?"

ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಿದ್ದವಳು ಪೊಟ್ಟಣ ಕಟ್ಟುವುದನ್ನು ಬಿಟ್ಟು ನಕ್ಕಳು. ಮಾವ ನಗಲಿಲ್ಲ. ಅತ್ತೆಯ ಕೈಯಿಂದ ಚೀಲ ತೆಗೆದುಕೊಂಡರು. ಅವರು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಬ್ಬರೂ ಮನೆಯ ಕಡೆ ನಡೆದರು. ನಾನು ಸ್ವಲ್ಪ ಹಿಂದೆ ಬಿದ್ದೆ. ತಿರುವಿನಲ್ಲಿ ಮಾವ ಕೇಳಿದರು:

"ಹೋಗುವಾಗ ಎಡಗಡೆ ಕುಂತಿದ್ಯಾ, ಬಲಗಡೆನಾ?"

"ಎಡಗಡೆ."

"ಬಲಗಡೆ ಕುಂತ್ಕಬೇಕು. ಆ ಕಡೆ ಒಂದು ಕೆರೆ ಸಿಗ್ತದೆ. ಬೆಳ್ಳಕ್ಕಿ ಇರ್ತವೆ."

"ಬರುವಾಗ ನೋಡಿದೆ," ಎಂದರು ಅತ್ತೆ. "ಬಾಳ ಇದ್ವು."

ಮಾವನ ನೌಕರಿಯ ಬಗ್ಗೆ ಗಂಡ ಹೆಂಡತಿ ಮಾತಾಡಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಹೊಸ ರಜೆಗಳು ಶುರುವಾದವು. ಹೊರಡಿಸಿದವರು ಅತ್ತೆ. ಅವು ಹಬ್ಬಕ್ಕೆ ಬೀಳುವುದಿಲ್ಲ, ಹಬ್ಬದ ದಿನ ಅವರಿಗೆ ಡ್ಯೂಟಿ. ಭಾನುವಾರಕ್ಕಂತೂ ಬೀಳುವುದೇ ಇಲ್ಲ. ಯಾವುದೋ ಒಂದು ಬುಧವಾರ, ಇನ್ನೊಂದು ಗುರುವಾರ, ಹೆಸರಿಲ್ಲದ, ಕಾರಣವಿಲ್ಲದ ದಿನ. ಹಿಂದಿನ ರಾತ್ರಿ ಊಟದ ಹೊತ್ತಿಗೆ ಘೋಷಣೆಯಾಗುತ್ತದೆ. ಜೂನ್ ಜುಲೈ ಬೋಳೆಂದು ಮಾವ ಅಷ್ಟು ವರ್ಷ ಗೋಳಾಡಿದ್ದರಲ್ಲ, ಈಗ ನಮ್ಮ ಮನೆಯಲ್ಲಿ ಹೆಚ್ಚು ರಜೆ ಆಷಾಢದಲ್ಲೇ. ಅವರು ಕೇಳಿದ ನಾಲೆಯಲ್ಲಿ ನೀರು ಬಂತು, ಹರಿದದ್ದು ಮಾತ್ರ ಬೇರೆ ಹೊಲಕ್ಕೆ.

ಅತ್ತೆಯ ರಜೆಯ ದಿನ ಅಡಿಗೆಮನೆ ಮಾವನದು. ಮೊದಮೊದಲು ಅವರ ಉಪ್ಪಿಟ್ಟನ್ನು ಚಮಚದಿಂದ ಅಲ್ಲ, ಚಾಕುವಿನಿಂದ ತೆಗೆಯಬೇಕಾಗುತ್ತಿತ್ತು. ಸಾರು ಒಂದು ದಿನ ಸಮುದ್ರ, ಒಂದು ದಿನ ಮರುಭೂಮಿ. ನಾವು ದೇವರ ಮೇಲೆ ಭಾರ ಹಾಕಿ ಉಂಡೆವು. ಕ್ರಮೇಣ ಚಿತ್ರಾನ್ನ ಕೈಗೆ ಹತ್ತಿತು. ಪಾತ್ರೆ ಅಂಗಡಿಯನ್ನು ಬಿಟ್ಟರು. ಬಾಷಾ ಸಾಹೇಬರು ಬೇಸರಪಡದೆ ಒಂದು ಒಳ್ಳೆಯ ಕುಕ್ಕರು ಕೊಟ್ಟು ಬೀಳ್ಕೊಟ್ಟರು. ವಿಚಿತ್ರವೆಂದರೆ, ಬೆವರು ಸುರಿಸಿ ಒಲೆಯ ಮುಂದೆ ನಿಂತ ಮರುದಿನ ಮಾವ ಜಗಲಿಯ ಕುರ್ಚಿಯಲ್ಲಿ ಕೂತು ಕಾಲು ಚಾಚಿ, "ಆಹ್!" ಎನ್ನುತ್ತಾರೆ. ಅಪ್ಪಟ ರಜೆಯ "ಆಹ್". ನಿವೃತ್ತಿಯಾದ ಮೇಲೆ ಆ ಸದ್ದು ಅವರ ಬಾಯಿಂದ ಬಂದೇ ಇರಲಿಲ್ಲ.

ಇವತ್ತಿನ ವಿಷಯಕ್ಕೆ ಬರುತ್ತೇನೆ. ನಿನ್ನೆ ರಾತ್ರಿ ಘೋಷಣೆಯಾಯಿತು. ನನಗೇನನ್ನಿಸಿತೋ, "ಅತ್ತೆ, ನಾನೂ ಬರ್ಲಾ?" ಎಂದೆ. ಅವರು ನನ್ನನ್ನೊಮ್ಮೆ ನೋಡಿ, "ಪೇಪರಿನ ಕಟ್ಟು ತರದಾದ್ರೆ ಬೇಡ," ಎಂದರು. ಹೆಡ್ಮೇಡಂ ಫೋನಿನಲ್ಲಿ ರಜೆಗೆ ಕಾರಣ ಕೇಳಿದರು. ಏನೂ ತೋಚದೆ "ಏನಿಲ್ಲ ಮೇಡಂ" ಎಂದೆ. ಅಚ್ಚರಿಯೆಂದರೆ ಅವರು, "ಸರಿ, ಹೋಗಿ ಬನ್ನಿ," ಎಂದರು. ಹೂವಿನವಳ ಹತ್ತಿರ ಮೊಳದ ತಕರಾರು ಗೆದ್ದು ಬಂದವರು ಅತ್ತೆಯೇ ಎಂದು ನಿಮಗೆ ಗೊತ್ತಾಗಿರಬೇಕು. ಬಸ್ಸು ಹತ್ತಿದೆವು. ಕಿಟಕಿ ಅವರಿಗೆ.

"ಎಲ್ಲಿಗೆ ಅತ್ತೆ?"

"ಸೊರಬಕ್ಕೆ ಹೋಗಿ, ಅಲ್ಲಿಂದ ಜಡೆಗೆ."

"ಜಡೇಲಿ ಯಾರಿದಾರೆ?"

"ಯಾರೂ ಇಲ್ಲ. ಅದಕ್ಕೇ ಹೋಗದು. ಯಾರಾದ್ರೂ ಇದ್ರೆ ಅವರ ಅಡಿಗೆಮನೇಲೂ ಕೈ ಹಾಕ್ಬೇಕಾಗ್ತದೆ."

ಬಸ್ಸು ಊರು ದಾಟಿತು. ವಾರದ ನಡುವಿನ ದಿನ ಇಷ್ಟು ಬೆಳಕಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಈಗ ಎರಡನೆಯ ಪೀರಿಯಡ್ಡಿನ ಗಂಟೆ ಹೊಡೆದಿರಬೇಕು. ನಾನಿಲ್ಲದೆ ಅಲ್ಲಿ ಎಲ್ಲ ನಡೆಯುತ್ತಿದೆ. ಮನಸ್ಸಿಗೆ ಚುಚ್ಚುತ್ತದೆಯೇ ಎಂದು ಕಾದೆ. ಚುಚ್ಚಲಿಲ್ಲ. ಸೀಟಿಗೆ ಒರಗಿ ಕಾಲು ಚಾಚಿದೆ.

ಅಷ್ಟರಲ್ಲಿ ನನಗೆ ಫೋನು ಬಂತು. ಮಾವ. ಹಿಂದೆ ಏನೋ ಬುಸುಗುಡುವ ಸದ್ದು.

"ಅಮ್ಮಾ, ನಿಮ್ಮತ್ತೇನ ಕೇಳು. ಬೇಳೆಗೆ ಎಷ್ಟು ಸೀಟಿ ಕೂಗಿಸ್ಬೇಕು?"

ನಾನು ಫೋನಿಗೆ ಕೈ ಅಡ್ಡ ಹಿಡಿದು ಅತ್ತೆಗೆ ಹೇಳಿದೆ. ಅವರು ಕಿಟಕಿಯಿಂದ ಮುಖ ತಿರುಗಿಸಲೂ ಇಲ್ಲ.

"ಇವತ್ತು ರಜ," ಎಂದರು. "ನಾಳೆ ಬಂದು ವಿಚಾರಿಸಕ್ಕೆ ಹೇಳು."